ಮಗುವಿನ ಜೊತೆ ಖುಷಿಗಾಗಿ ಓಟ: ಶೂ ಆರಿಸುವುದರಿಂದ ಮನೆಗೆ ವಾಪಸ್ ಬರುವವರೆಗೆ

"ಓಡೋಕೆ ಶುರು ಮಾಡಿದೆ, ಮೂರನೇ ವಾರಕ್ಕೆ ನಿಂತೇಹೋಯ್ತು." "ಮಗನ್ನ ಕುಕ್ಕರಹಳ್ಳಿ ಕೆರೆಗೆ ಕರ್ಕೊಂಡು ಹೋದೆ, ಅರ್ಧ ದಾರೀಲಿ ಕೂತುಬಿಟ್ಟ, ಎತ್ಕೊಂಡು ಬಂದೆ." ಓಟದ ವಿಷಯ ಬಂದರೆ ಸಾಕು, ಮೈಸೂರು, ಮಂಡ್ಯದ ಅಪ್ಪ ಅಮ್ಮಂದಿರಿಂದ ಮತ್ತೆ ಮತ್ತೆ ಕೇಳಿಬರುವುದು ಈ ಎರಡೇ ದೂರು.

ಎರಡಕ್ಕೂ ಕಾರಣ ಒಂದೇ. ದೊಡ್ಡವರ ಓಟ ಬೇರೆ, ಮಗುವಿನ ಓಟ ಬೇರೆ. ನನ್ನ ವ್ಯಾಯಾಮವೂ ಆಗಲಿ, ಮಗುವಿಗೂ ಅಭ್ಯಾಸ ಆಗಲಿ ಅಂತ ಎರಡನ್ನೂ ಒಂದೇ ಬೆಳಗ್ಗೆ ಮುಗಿಸಲು ಹೊರಟರೆ ಎರಡೂ ಕೆಡುತ್ತವೆ. ಹಾಗಾಗಿ ಇಲ್ಲಿ ಮುಖ್ಯವಾದದ್ದು ಹಂತಗಳ ಕ್ರಮ. ಮೊದಲು ನಿಮ್ಮ ಓಟ ಒಂದು ಹದಕ್ಕೆ ಬರಬೇಕು. ಆಮೇಲೆ ಮಗುವನ್ನು ಕರೆಯಬೇಕು. ಕರೆದ ದಿನ ನಿಮ್ಮ ಓಟವನ್ನು ಮರೆಯಬೇಕು.

ಇಲ್ಲಿ ಹೇಳಿರುವುದು ಹೆಚ್ಚಾಗಿ 3ರಿಂದ 8 ವರ್ಷದ ಮಕ್ಕಳಿಗೆ. ಅದಕ್ಕಿಂತ ಚಿಕ್ಕವರ ವಿಷಯ ಕೊನೆಯ ಕಡೆ ಇದೆ.

## ಏನೇನು ಬೇಕು

ನಿಮ್ಮ ಶೂ. ಓಟಕ್ಕೆಂದೇ ಮಾಡಿದ ಶೂ ಒಂದು ಜೊತೆ. ಅಂಗಡಿಗೆ ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಆ ಹೊತ್ತಿಗೆ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ಓಡಲು ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನೋಡಿ. ಎದ್ದು ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಓಡಿದ ಮೇಲೆ ಅಡಿಭಾಗದ ಮೆತ್ತೆ ಸತ್ತುಹೋಗುತ್ತದೆ. ಮೇಲಿಂದ ಹೊಸದರ ಹಾಗೆ ಕಂಡರೂ ಮಂಡಿಗೆ ಗೊತ್ತಾಗುತ್ತದೆ.

ಮಗುವಿನ ಶೂ. ಶಾಲೆಯ ಕಪ್ಪು ಶೂ ಬೇಡ. ಅದರ ಅಟ್ಟೆ ಬಿರುಸು. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ: ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದು ಕೈಯಲ್ಲಿ ತುದಿ ಹಿಡಿದು ಬಗ್ಗಿಸಿ. ಬೆರಳುಗಳು ಶುರುವಾಗುವ ಕಡೆ ಸುಲಭವಾಗಿ ಮಡಚಬೇಕು. ನಟ್ಟನಡುವೆ ಮಡಚಿಕೊಂಡರೆ ಪಾದಕ್ಕೆ ಆಸರೆ ಇಲ್ಲ. ಎಲ್ಲೂ ಮಡಚದಿದ್ದರೆ ಮಗುವಿನ ಕಾಲು ಮರದ ಹಲಗೆಗೆ ಕಟ್ಟಿದ ಹಾಗೆ. ಆಮೇಲೆ ಒಳಗಿನ ಮೆತ್ತೆ ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಮಗುವನ್ನು ನಿಲ್ಲಿಸಿ. ಎಷ್ಟು ಜಾಗ ಉಳಿದಿದೆ ಅಂತ ಕಣ್ಣಿಗೇ ಕಾಣುತ್ತದೆ. "ಬಿಗಿ ಇದೆಯಾ ಪುಟ್ಟಾ?" ಅಂತ ಕೇಳಿ ಪ್ರಯೋಜನವಿಲ್ಲ. ಬಣ್ಣ ಇಷ್ಟವಾದರೆ ಯಾವ ಮಗುವೂ ಬಿಗಿ ಅನ್ನುವುದಿಲ್ಲ.

ಬೆಳೆಯೋ ಮಗು ಅಂತ ಎರಡು ಸೈಜ್ ದೊಡ್ಡದು ಕೊಡಿಸುವುದು ನಮ್ಮ ಕಡೆ ಹಳೇ ಅಭ್ಯಾಸ. ಸ್ವೆಟರಿಗೆ ಸರಿ, ಶೂಗೆ ಬೇಡ. ತುದಿ ನೆಲಕ್ಕೆ ತಗುಲಿ ಮಗು ಮುಗ್ಗರಿಸುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಅಳತೆ ನೋಡುತ್ತಿರಿ. ಲೇಸಿಗಿಂತ ಅಂಟುವ ಪಟ್ಟಿಯ ಶೂ ವಾಸಿ.

ಚೀಲದಲ್ಲಿ. ನೀರಿನ ಬಾಟಲಿ, ಚಿಕ್ಕ ಟವೆಲ್, ಬ್ಯಾಂಡೇಜ್ ಪಟ್ಟಿ, ಟೋಪಿ, ಒಂದು ಜೊತೆ ಚಡ್ಡಿ. ಚಡ್ಡಿ ಯಾಕೆ ಅಂತ ಅಮ್ಮಂದಿರಿಗೆ ಗೊತ್ತು. ಅಪ್ಪಂದಿರಿಗೂ ಒಂದು ದಿನ ಗೊತ್ತಾಗುತ್ತದೆ.

ಸ್ಮಾರ್ಟ್ ವಾಚ್ ಬೇಡ. ನಿಮ್ಮ ಸ್ವಂತ ಓಟಕ್ಕೆ ಬೇಕಿದ್ದರೆ ಹಾಕಿಕೊಳ್ಳಿ. ಮಗುವಿನ ಜೊತೆ ಹೋಗುವ ದಿನ ಅದು ಮನೆಯಲ್ಲೇ ಇರಲಿ.

## ಹಂತ 1: ಮೊದಲು ನಿಮ್ಮ ಓಟ ಹದಕ್ಕೆ ಬರಲಿ

ಇದಕ್ಕೆ ಆರರಿಂದ ಎಂಟು ವಾರ ಹಿಡಿಯುತ್ತದೆ. ಈ ಅವಧಿಯಲ್ಲಿ ಮಗುವನ್ನು ಕರೆದುಕೊಂಡು ಹೋಗಬೇಡಿ.

ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. ಮೊದಲು 5 ನಿಮಿಷ ಬಿರುಸು ನಡಿಗೆ. ಆಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ. ಇದನ್ನು 6ರಿಂದ 8 ಸಲ ಮಾಡಿ. ಕೊನೆಗೆ 5 ನಿಮಿಷ ನಿಧಾನ ನಡಿಗೆ. ಎಲ್ಲ ಸೇರಿ ಸುಮಾರು ಅರ್ಧ ಗಂಟೆ. ಒಂದೆರಡು ವಾರ ಇದು ಆರಾಮಾಗಿ ಆದರೆ 2 ನಿಮಿಷ ಓಟ, 2 ನಿಮಿಷ ನಡಿಗೆ. ಆಮೇಲೆ 3 ನಿಮಿಷ ಓಟ, 1 ನಿಮಿಷ ನಡಿಗೆ. ಹೀಗೆ ನಿಧಾನವಾಗಿ ಮೇಲೆ ಹೋಗಿ.

ವೇಗದ ಲೆಕ್ಕ ಸುಲಭ. ಓಡುತ್ತಲೇ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡೆರಡು ಪದಕ್ಕೆ ಉಸಿರು ಕಟ್ಟುತ್ತಿದ್ದರೆ ವೇಗ ಜಾಸ್ತಿಯಾಗಿದೆ. ಕೆರೆ ಏರಿಯ ಮೇಲೆ ಕೈ ಬೀಸಿ ನಡೆಯುವ ರಿಟೈರ್ಡ್ ಮೇಷ್ಟ್ರೊಬ್ಬರು ನಿಮ್ಮನ್ನು ಹಿಂದೆ ಹಾಕಿ ಹೋಗಬಹುದು. ಹೋಗಲಿ ಬಿಡಿ.

ಮೂರನೇ ವಾರ ಯಾಕೆ ನಿಲ್ಲುತ್ತದೆ? ಉಸಿರು, ಎದೆ ಬೇಗ ಪಳಗುತ್ತವೆ. ಎಲುಬು, ಸ್ನಾಯುರಜ್ಜುಗಳಿಗೆ ತಿಂಗಳುಗಟ್ಟಲೆ ಬೇಕು. ಮೂರನೇ ವಾರದ ಹೊತ್ತಿಗೆ ಉಸಿರಾಟ ಹಗುರಾಗಿ "ಅಯ್ಯೋ, ಇಷ್ಟೇನಾ" ಅನ್ನಿಸುತ್ತದೆ. ಆ ಉಮೇದಿನಲ್ಲಿ ಒಂದು ದಿನ ದುಪ್ಪಟ್ಟು ಓಡುತ್ತೀರಿ. ಎರಡು ದಿನಕ್ಕೆ ಮಂಡಿ ಕೆಳಗೆ ಮುಂಭಾಗದ ಎಲುಬು ನೋಯಲು ಶುರು. ಆಮೇಲೆ ಶೂ ಮಂಚದ ಕೆಳಗೆ ಸೇರುತ್ತದೆ. ಹಾಗಾಗಿ ಮೂರು ಮತ್ತು ನಾಲ್ಕನೇ ವಾರದಲ್ಲಿ ಎಷ್ಟೇ ಉಮೇದಿದ್ದರೂ ಲೆಕ್ಕಕ್ಕಿಂತ ಜಾಸ್ತಿ ಓಡಬೇಡಿ.

ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ ಇದ್ದವರು, ನಲವತ್ತು ದಾಟಿ ಬಹಳ ವರ್ಷದಿಂದ ಮೈ ಬಗ್ಗಿಸದವರು ಮೊದಲು ಡಾಕ್ಟರನ್ನು ಕಂಡು ಶುರು ಮಾಡಿ. ಓಡುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ.

ನಡುವೆ ನಿಲ್ಲಿಸದೆ 20 ನಿಮಿಷ ಮೆಲ್ಲಗೆ ಓಡಿ, ಆಮೇಲೂ ಮನೆಕೆಲಸ ಮಾಡುವಷ್ಟು ಕಸುವು ಉಳಿದಿದ್ದರೆ ನೀವು ಮುಂದಿನ ಹಂತಕ್ಕೆ ತಯಾರು. ಆ ಕಸುವು ಯಾಕೆ ಬೇಕು ಅಂದರೆ, ಮಗುವಿನ ಜೊತೆ ಓಡುವುದು ಅಂದರೆ ಬಗ್ಗುವುದು, ಎತ್ತುವುದು, ನಿಂತಲ್ಲಿಂದ ಒಮ್ಮೆಲೇ ಹಾರಿ ಓಡಿ ಹಿಡಿಯುವುದು.

ಈ ವಾರಗಳಲ್ಲಿ ಮಗು ನಿಮ್ಮನ್ನು ನೋಡುತ್ತಿರುತ್ತದೆ. ಬೆವೆತು, ಖುಷಿಯಾಗಿ ಬಾಗಿಲಲ್ಲಿ ಕೂತು ಶೂ ಬಿಚ್ಚುವುದನ್ನು ನೋಡಲಿ. "ಇವತ್ತು ಕೆರೇಲಿ ಹೆಜ್ಜಾರ್ಲೆ ಬಂದಿತ್ತು" ಅಂತ ಹೇಳಿ. ಕರೆಯಬೇಡಿ. "ನಾನೂ ಬರ್ತೀನಿ" ಅಂತ ಅದೇ ಕೇಳುವವರೆಗೆ ಕಾಯಿರಿ. ಕೇಳದೇ ಇದ್ದರೆ? ಇನ್ನೂ ಸ್ವಲ್ಪ ದಿನ ಕಾಯಿರಿ, ಅಷ್ಟೇ.

## ಹಂತ 2: ಜಾಗ ಆರಿಸುವುದು

ನಿಮ್ಮ ಓಟಕ್ಕೆ ಒಳ್ಳೆಯ ಜಾಗ ಮಗುವಿಗೆ ಒಳ್ಳೆಯದೇ ಅಂತಿಲ್ಲ. ಗಾಡಿ ಓಡಾಡಬಾರದು, ನೆಲ ಮಣ್ಣು ಅಥವಾ ಹುಲ್ಲಾಗಿರಬೇಕು, ನೆರಳಿರಬೇಕು. ಇದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದೇ ಇರುವುದು ಇನ್ನೊಂದು: ಯಾವ ಕ್ಷಣದಲ್ಲಿ ಬೇಕಾದರೂ ಎರಡು ನಿಮಿಷದಲ್ಲಿ ಗೇಟಿಗೆ ವಾಪಸ್ ಬರುವಂತಿರಬೇಕು.

ಕುಕ್ಕರಹಳ್ಳಿ ಕೆರೆ. ಹೆಚ್ಚಿನವರು ಎಡವುವುದು ಇಲ್ಲೇ. ಸುತ್ತು ಹೆಚ್ಚುಕಡಿಮೆ 5 ಕಿ.ಮೀ. ಅರ್ಧ ದಾಟಿದ ಮೇಲೆ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ ದೂರ. 4 ವರ್ಷದ ಮಗು ಅಲ್ಲಿ ಕೂತುಬಿಟ್ಟರೆ ಹದಿನೈದು ಹದಿನಾರು ಕೆ.ಜಿ. ಹೊತ್ತುಕೊಂಡು ಬರಬೇಕು. ಕೆರೆ ಬೇಡ ಅಂತಲ್ಲ, ಸುತ್ತು ಬೇಡ. ಗೇಟಿನಿಂದ ಒಳಗೆ ಇನ್ನೂರು ಮೀಟರ್, ಅಲ್ಲಿಂದ ವಾಪಸ್. ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿ ಎಲ್ಲ ಅಷ್ಟರಲ್ಲೇ ಕಾಣುತ್ತವೆ. ಲಿಂಗಾಂಬುಧಿ ಕೆರೆಗೂ ಇದೇ ಮಾತು. ನೀರಿನ ಅಂಚಿನ ಕಡೆ ನೀವಿರಬೇಕು, ಮಗು ಅಲ್ಲ.

ಪಾರ್ಕು, ಮೈದಾನ. ಮೊದಲ ತಿಂಗಳಿಗೆ ನನ್ನ ಮತ ಇವುಗಳಿಗೇ. ಚೆಲುವಾಂಬ ಪಾರ್ಕು, ಇಲ್ಲವೇ ನಿಮ್ಮ ಬಡಾವಣೆಯದೇ ಚಿಕ್ಕ ಪಾರ್ಕು. ಸುತ್ತು ಚಿಕ್ಕದಿದ್ದರೆ ಮಗುವಿಗೆ "ನಾನು ಒಂದ್ ರೌಂಡ್ ಓಡ್ದೆ" ಅನ್ನುವ ಹೆಮ್ಮೆ ಸಿಗುತ್ತದೆ. ಓವಲ್ ಮೈದಾನ ವಿಶಾಲ, ಆದರೆ ಭಾನುವಾರ ಬೆಳಗ್ಗೆ ಒಂದೇ ಮೈದಾನದಲ್ಲಿ ಹತ್ತು ಕ್ರಿಕೆಟ್ ಮ್ಯಾಚು. ಚೆಂಡು ಯಾವ ಕಡೆಯಿಂದ ಬರುತ್ತದೋ ಹೇಳಲಾಗದು. ವಾರದ ನಡುವೆ ಹೋಗಿ.

ಸ್ಟೇಡಿಯಂ. ಮೈಸೂರಿನ ಚಾಮುಂಡಿ ವಿಹಾರ, ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಸ್ಟೇಡಿಯಂ. ಅಲ್ಲಿ ಅಭ್ಯಾಸ ಮಾಡುವ ಹುಡುಗ ಹುಡುಗಿಯರು ಒಳಗಿನ ಲೇನುಗಳಲ್ಲಿ ಜೋರಾಗಿ ಬರುತ್ತಾರೆ. ಮಗು ಹೊರಗಿನ ಅಂಚಿನಲ್ಲೇ ಇರಲಿ, ಟ್ರ್ಯಾಕ್ ದಾಟುವಾಗ ಕೈ ಹಿಡಿದುಕೊಳ್ಳಿ.

ಚಾಮುಂಡಿ ಬೆಟ್ಟ. ಸಾವಿರ ಮೆಟ್ಟಿಲು ಹತ್ತುವುದು ಬೇರೆ ದಿನದ ಕೆಲಸ, ಅದಕ್ಕೂ ಓಟಕ್ಕೂ ಸಂಬಂಧವಿಲ್ಲ. ಮೆಟ್ಟಿಲ ಮೇಲೆ ಮಗುವನ್ನು ಓಡಿಸಬೇಡಿ, ಇಳಿಯುವಾಗಂತೂ ಬೇಡವೇ ಬೇಡ. ಕೈಯಲ್ಲಿ ಬಾಳೆಹಣ್ಣು ಕಂಡರೆ ಕೋತಿಗಳು ಸುಮ್ನೆ ಬಿಡುವುದಿಲ್ಲ.

ಮಂಡ್ಯದ ಕಡೆ, ಹಳ್ಳಿಗಳಲ್ಲಿ. ನಾಲೆ ಏರಿ ನೋಡಲು ಚೆಂದ. ಗಾಳಿ, ನೆರಳು, ಎರಡೂ ಕಡೆ ಗದ್ದೆಯ ಹಸಿರು. ಆದರೂ ಮಗುವಿನ ಜೊತೆ ಅಲ್ಲಿ ಓಡಬೇಡಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಬಿಟ್ಟಾಗ ಸೆಳೆತ ಜೋರು, ಅನೇಕ ಕಡೆ ತಡೆಗೋಡೆ ಇಲ್ಲ, ದಡ ಜಾರುತ್ತದೆ. ದೊಡ್ಡವರೇ ಬಿದ್ದರೆ ಹತ್ತುವುದು ಕಷ್ಟ. ಕಬ್ಬು ಕಡಿಯುವ ಕಾಲದಲ್ಲಿ ರಸ್ತೆಯೂ ಬೇಡ. ಹಿಂದೆ ದೀಪವಿಲ್ಲದ ಟ್ರೇಲರುಗಳು ಕತ್ತಲಲ್ಲೇ ಹೊರಟಿರುತ್ತವೆ. ಸುಗ್ಗಿಯಲ್ಲಿ ಟಾರ್ ರಸ್ತೆ ಮೇಲೇ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುತ್ತಾರೆ. ಹುಲ್ಲಿನ ಮೇಲೆ ಗಾಡಿಯೂ ಜಾರುತ್ತದೆ, ಕಾಲೂ ಜಾರುತ್ತದೆ. ಊರ ಶಾಲೆಯ ಬಯಲು ಎಲ್ಲಕ್ಕಿಂತ ವಾಸಿ.

ಎಲ್ಲಾದರೂ ರಸ್ತೆಯಲ್ಲಿ ಹೋಗಲೇಬೇಕಾದರೆ ಬಲಗಡೆ ಹೋಗಿ. ಎದುರಿಂದ ಬರುವ ಗಾಡಿ ಆಗ ನಿಮಗೆ ಕಾಣುತ್ತದೆ. ಮಗು ರಸ್ತೆಯ ಅಂಚಿನ ಕಡೆ, ಗಾಡಿಗಳ ಕಡೆ ನೀವು.

## ಹಂತ 3: ಹೊರಡುವ ಮುಂಚೆ

ಹೊತ್ತು. ನಮ್ಮಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ, ಜೂನ್‌ನಲ್ಲಿ 6ಕ್ಕಿಂತ ಸ್ವಲ್ಪ ಮುಂಚೆ. ಚೆನ್ನಾಗಿ ಬೆಳಕಾದ ಮೇಲೆ ಹೊರಡಿ. 3ರಿಂದ 5 ವರ್ಷದ ಮಗುವಿಗೆ ಮಧ್ಯಾಹ್ನದ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಮಲಗಿರುವ ಮಗುವನ್ನು ಅಲುಗಾಡಿಸಿ ಎಬ್ಬಿಸಿ ಶೂ ಹಾಕಿದರೆ ಆ ದಿನದ ಓಟ ಅಲ್ಲಿಗೇ ಮುಗಿಯಿತು ಅಂದುಕೊಳ್ಳಿ. ಬೆಳಗ್ಗೆ ಏಳದ ಮಕ್ಕಳಿಗೆ ಸಂಜೆ ಐದರ ಮೇಲೆ ಒಳ್ಳೆಯದು. ಕೆರೆ ಕಡೆಯಾದರೆ ಮುಸ್ಸಂಜೆಗೆ ಮುಂಚೆ ಹೊರಬನ್ನಿ, ಸೊಳ್ಳೆ ಕಾಟ.

ಮಾರ್ಚ್‌ನಿಂದ ಮೇ ತನಕ ಹುಷಾರಾಗಿರಿ. ಚಿಕ್ಕ ಮಕ್ಕಳು ದೊಡ್ಡವರಷ್ಟು ಬೆವರುವುದಿಲ್ಲ, ಅವರ ಮೈ ಬೇಗ ಕಾಯುತ್ತದೆ. ನಿಮಗೆ "ಪರವಾಗಿಲ್ಲ" ಅನ್ನಿಸುವ ಬಿಸಿಲು ಅವರಿಗೆ ಜಾಸ್ತಿಯೇ. ಬೇಸಿಗೆಯಲ್ಲಿ ಏಳೂವರೆ ಒಳಗೆ ಮುಗಿಸಿ.

ಹೊಟ್ಟೆ. ಅರ್ಧ ಅಥವಾ ಒಂದು ಏಲಕ್ಕಿ ಬಾಳೆಹಣ್ಣು, ಹೊರಡುವ ಇಪ್ಪತ್ತು ಮೂವತ್ತು ನಿಮಿಷ ಮುಂಚೆ. ಅಷ್ಟು ಸಾಕು. ಲೋಟ ತುಂಬ ಹಾಲು ಕುಡಿಸಿ ಓಡಿಸಿದರೆ ಅದು ದಾರಿಯಲ್ಲೇ ಹೊರಗೆ ಬರುತ್ತದೆ. ಕಡಲೆಬೀಜ, ಹುರಿಗಡಲೆ ಬಾಯಲ್ಲಿಟ್ಟುಕೊಂಡು ಯಾವ ಮಗುವೂ ಓಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಸ್ಕೂಟರ್. ಕೆರೆಗೆ ಮಗುವನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವವರೇ ಜಾಸ್ತಿ. 2022ರಲ್ಲಿ ಹೊರಡಿಸಿದ ಕೇಂದ್ರದ ನಿಯಮದ ಪ್ರಕಾರ 9 ತಿಂಗಳಿಂದ 4 ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ಮತ್ತು ಸವಾರರಿಗೆ ಸೇರಿಸಿ ಕಟ್ಟುವ ಬೆಲ್ಟ್ ಇರಬೇಕು, ವೇಗ 40 ಕಿ.ಮೀ. ಮೀರಬಾರದು. ಇಡೀ ಬೆಳಗಿನಲ್ಲಿ ಎಲ್ಲಕ್ಕಿಂತ ಅಪಾಯದ ಭಾಗ ಈ ಸ್ಕೂಟರ್ ಪ್ರಯಾಣವೇ.

## ಹಂತ 4: ಮೊದಲ ಜೊತೆ ಓಟ, 20 ನಿಮಿಷ

ಗೇಟು ದಾಟಿದ ತಕ್ಷಣ "ರೆಡಿ, ಒನ್, ಟು, ತ್ರೀ" ಬೇಡ. ಈ ಕ್ರಮದಲ್ಲಿ ಹೋಗಿ.

1. ಮೊದಲ ಮೂರು ನಾಲ್ಕು ನಿಮಿಷ ಏನೂ ಮಾಡಬೇಡಿ. ಮಗು ಸುತ್ತ ನೋಡಲಿ, ಕಲ್ಲು ಎತ್ತಲಿ. ನೀವು ಪಕ್ಕದಲ್ಲಿ ನಡೆಯುತ್ತಿರಿ. ಮೈ ಬೆಚ್ಚಗಾಗಲು ಮಕ್ಕಳಿಗೆ ಇಷ್ಟು ಸಾಕು. ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುವುದು ಬೇಡ.

2. ಆಟದಿಂದ ಶುರು ಮಾಡಿ. ಮುಟ್ಟಾಟ, ರೈಲಾಟ, ಕಲ್ಲಾ ಮಣ್ಣಾ. ಕಲ್ಲಾ ಮಣ್ಣಾ ಆಟಕ್ಕೆ ಪಾರ್ಕು ಹೇಳಿ ಮಾಡಿಸಿದ ಜಾಗ. ಕಲ್ಲುಹಾಸು ಕಲ್ಲು, ಉಳಿದದ್ದು ಮಣ್ಣು. ಹತ್ತು ನಿಮಿಷ ಆಡಿದರೆ ಮಗು ಎಷ್ಟು ಸಲ ಓಡಿ, ನಿಂತು, ತಿರುಗಿ ಓಡಿರುತ್ತದೆ ಅಂತ ನೀವೇ ನೋಡಿ. ನಿಮ್ಮ ತೊಡೆಯೂ ಮಾರನೇ ದಿನ ಹೇಳುತ್ತದೆ.

3. ಮರದಿಂದ ಮರಕ್ಕೆ. "ಆ ಹೊಂಗೆ ಮರ ಮುಟ್ಟಿ ಬರೋಣ್ವಾ?" ಚಿಕ್ಕ ಮಕ್ಕಳು ಒಂದೇ ಸಮನೆ ಓಡುವುದಿಲ್ಲ. ಹತ್ತರಿಂದ ಮೂವತ್ತು ಸೆಕೆಂಡು ಪ್ರಾಣ ಬಿಟ್ಟು ಓಡುತ್ತಾರೆ, ಫಕ್ಕನೆ ನಿಲ್ಲುತ್ತಾರೆ. ಅದು ಸೋಮಾರಿತನ ಅಲ್ಲ, ಆ ವಯಸ್ಸಿನ ಓಟವೇ ಹಾಗೆ. "ನಿಧಾನಕ್ಕೆ ಓಡು, ಸುಸ್ತಾಗ್ತೀಯ" ಅಂತ ದೊಡ್ಡವರ ಲಯ ಕಲಿಸಲು ಹೋಗಬೇಡಿ. ಓಡಲಿ, ನಿಲ್ಲಲಿ, ಮತ್ತೆ ಓಡಲಿ.

4. ನೀವು ಪಕ್ಕದಲ್ಲಿ ಅಥವಾ ಅರ್ಧ ಹೆಜ್ಜೆ ಹಿಂದೆ. ಹತ್ತು ಹೆಜ್ಜೆ ಮುಂದೆ ಹೋಗಿ ತಿರುಗಿ ನಿಂತು "ಬಾ, ಬಾ, ಬೇಗ ಬಾ" ಅನ್ನುವ ಅಪ್ಪಂದಿರನ್ನು ಯಾವ ಪಾರ್ಕಿನಲ್ಲಾದರೂ ನೋಡಬಹುದು. ಮಗುವಿಗೆ ಅರ್ಥವಾಗುವುದು ಒಂದೇ, ಅಪ್ಪ ಬಿಟ್ಟು ಹೋದರು. "ಬೇಗ ಬಾ" ಬದಲು "ಮುಂದೆ ಯಾವ ಮರ?" ಅಂತ ಕೇಳಿ. ದಾರಿ ಆರಿಸುವುದು ಅದರ ಕೆಲಸವಾಗಲಿ.

5. ಮಗು ಕೂತರೆ ನೀವೂ ಕೂರಿ. ಇಲ್ಲೇ ಸ್ವಲ್ಪ ನಿಧಾನಿಸೋಣ, ಯಾಕೆಂದರೆ ಬಹಳ ಜನರ ಬೆಳಗ್ಗೆ ಕೆಡುವುದು ಇಲ್ಲಿ. ಓಡುತ್ತಿದ್ದ ಮಗು ಥಟ್ಟನೆ ಕುಕ್ಕರಗಾಲಲ್ಲಿ ಕೂರುತ್ತದೆ. ನೋಡಿದರೆ ಗೊದ್ದಗಳ ಸಾಲು. ಒಂದು ಗೊದ್ದ ಸತ್ತ ಹುಳದ ರೆಕ್ಕೆ ಎಳೆಯುತ್ತಿದೆ. ರೆಕ್ಕೆ ಒಣಗಿದ ಹೊಂಗೆ ಹೂವಿಗೆ ಸಿಕ್ಕಿಕೊಳ್ಳುತ್ತದೆ. ಗೊದ್ದ ಬಿಡುತ್ತದೆ, ಸುತ್ತು ಹಾಕುತ್ತದೆ, ಇನ್ನೊಂದು ಕಡೆಯಿಂದ ಹಿಡಿಯುತ್ತದೆ. "ಅಮ್ಮಾ, ಇದ್ರ ಮನೆ ಎಲ್ಲಿ?" ಈಗ ನೀವು ಕೈ ಹಿಡಿದು ಎಬ್ಬಿಸಿದರೆ ಅಳು. ಎರಡು ನಿಮಿಷ ಜೊತೆಗೆ ಕೂತು "ಸಾಲು ಎಲ್ಲಿಗೆ ಹೋಗುತ್ತೆ ನೋಡೋಣ್ವಾ?" ಅಂದರೆ ಮಗುವೇ ಎದ್ದು ಸಾಲಿನ ಜೊತೆ ಹೊರಡುತ್ತದೆ. ಗೊದ್ದ ಕಚ್ಚಿದರೆ ಉರಿಯುತ್ತದೆ, ಬೆರಳು ದೂರ ಇರಲಿ ಅಂತ ಹೇಳಿ, ಅಷ್ಟೇ.

6. ಗೆಲ್ಲುವುದು, ಸೋಲುವುದು. ಪ್ರತಿ ಸಲ ಬೇಕಂತಲೇ ಸೋಲಬೇಡಿ. ಐದು ವರ್ಷದ ಹೊತ್ತಿಗೆ ಮಕ್ಕಳಿಗೆ ಅದು ಗೊತ್ತಾಗಿಬಿಡುತ್ತದೆ. ನೀವು ಒಂದೇ ಕಾಲಲ್ಲಿ ಕುಂಟುತ್ತಾ ಬನ್ನಿ, ಇಲ್ಲವೇ ಹಿಂದು ಹಿಂದಕ್ಕೆ ನಡೆಯುತ್ತಾ ಬನ್ನಿ. ಆಗ ಪಂದ್ಯ ನಿಜಕ್ಕೂ ಸಮ ಆಗುತ್ತದೆ.

7. ಬಿದ್ದರೆ. ಮೂರು ಎಣಿಸುವವರೆಗೆ ಬಾಯಿ ಬಿಡಬೇಡಿ. ಹೆಚ್ಚಿನ ಸಲ ಮಗು ನಿಮ್ಮ ಮುಖ ನೋಡಿಯೇ ಅಳಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತದೆ. ತರಚಿದ್ದರೆ ಬಾಟಲಿ ನೀರಿನಲ್ಲಿ ಮಣ್ಣು ತೊಳೆದು ಪಟ್ಟಿ ಹಾಕಿ. ಪಕ್ಕೆ ಹಿಡಿಯಿತು ಅಂದರೆ ನಿಂತು, ಹೊಟ್ಟೆ ತುಂಬ ಉಸಿರೆಳೆದು ನಿಧಾನಕ್ಕೆ ಬಿಡಿಸಿ.

## ಹಂತ 5: ನಿಲ್ಲಿಸುವುದು

ಮಗು "ಇನ್ನೊಂದ್ ಸಲ" ಅನ್ನುತ್ತಿರುವಾಗಲೇ ನಿಲ್ಲಿಸಿ. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸುಸ್ತಾಗಿ ಅತ್ತು ಮುಗಿಸಿದ ಮಗು ಮುಂದಿನ ವಾರ ಶೂ ನೋಡಿದರೇ ಮೂತಿ ಉದ್ದ ಮಾಡುತ್ತದೆ. ಬೇಕು ಬೇಕು ಅನ್ನುವಾಗ ಮುಗಿಸಿದ ಮಗು ಮಾರನೇ ದಿನವೇ "ಯಾವಾಗ ಹೋಗೋದು?" ಅನ್ನುತ್ತದೆ.

ಸುಸ್ತಿನ ಗುರುತುಗಳು ಒಂದಾದ ಮೇಲೊಂದು ಬರುತ್ತವೆ. ಮೊದಲು ಪ್ರಶ್ನೆಗಳು ನಿಲ್ಲುತ್ತವೆ. ಆಮೇಲೆ ಶೂ ತುದಿ ಮಣ್ಣಿನಲ್ಲಿ ಎಳೆಯುತ್ತದೆ. ಆಮೇಲೆ ನಿಮ್ಮ ಅಂಗಿ ತುದಿ ಹಿಡಿದುಕೊಳ್ಳುತ್ತದೆ. "ಎತ್ಕೋ" ಬರುವುದು ಕೊನೆಗೆ. ನೀವು ವಾಪಸ್ ತಿರುಗಬೇಕಾದದ್ದು ಮೊದಲನೇ ಗುರುತಿಗೆ, ಕೊನೆಯದಕ್ಕಲ್ಲ. ಗೇಟಿಗೆ ನಡೆಯುವ ದೂರವೂ ಲೆಕ್ಕಕ್ಕೆ ಬರುತ್ತದೆ, ಮರೆಯಬೇಡಿ.

ಓಡಿದರೆ ಚಾಕೊಲೇಟ್, ಓಡಿದರೆ ಮೊಬೈಲ್ ಅನ್ನುವ ಲಂಚ ಬೇಡ. ಒಂದು ಸಲ ಶುರುವಾದರೆ ರೇಟು ಏರುತ್ತಲೇ ಹೋಗುತ್ತದೆ. ಬರುವಾಗ ಹೋಟೆಲಿನಲ್ಲಿ ಇಡ್ಲಿ ತಿನ್ನುವುದು ಬೇರೆ ವಿಷಯ. ಓಡಿದರೂ, ಓಡದೆ ಗೊದ್ದ ನೋಡುತ್ತಾ ಕೂತರೂ ಇಡ್ಲಿ ಉಂಟು.

## ಹಂತ 6: ವಾರಗಳು ಕಳೆದಂತೆ

ವಾರಕ್ಕೆ ಒಂದು ಸಲ ಸಾಕು, ಹೆಚ್ಚೆಂದರೆ ಎರಡು. ದೂರ ಅಳೆಯಬೇಡಿ. ಆಟ ಬದಲಾಯಿಸಿ, ಜಾಗ ಬದಲಾಯಿಸಿ. ಆರೇಳು ವರ್ಷದ ಮಗು ತಾನಾಗಿ ಓಡುತ್ತಾ, ನಡೆಯುತ್ತಾ ಒಂದು ಕಿ.ಮೀ. ಹೋದರೆ ಹೋಗಲಿ, ಅದಕ್ಕೆ ಮುಂದಿನ ವಾರ ಒಂದೂವರೆ ಮಾಡಿಸಬೇಡಿ. ಗಾಜು, ಮುಳ್ಳು ಇಲ್ಲದ ಹುಲ್ಲಿದ್ದರೆ ಒಂದಷ್ಟು ಹೊತ್ತು ಬರಿಗಾಲಲ್ಲೇ ಬಿಡಿ.

ಇಷ್ಟು ಕಡಿಮೆ ಸಾಕಾ ಅಂತ ಅನ್ನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 3-4 ವರ್ಷದವರಿಗೆ ದಿನಕ್ಕೆ 180 ನಿಮಿಷ ಮೈ ಆಡಿಸುವ ಚಟುವಟಿಕೆ ಬೇಕು, ಅದರಲ್ಲಿ 60 ನಿಮಿಷ ಚುರುಕಿನದಾಗಿರಲಿ ಅನ್ನುತ್ತದೆ. 5 ವರ್ಷದ ಮೇಲೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಚಟುವಟಿಕೆ. ಅದೆಲ್ಲ ಓಟವೇ ಆಗಬೇಕಿಲ್ಲ. ಬೀದಿಯ ಆಟ, ಮೆಟ್ಟಿಲು, ಸೈಕಲ್, ಮನೆಯೊಳಗಿನ ಕುಣಿತ ಎಲ್ಲ ಸೇರುತ್ತವೆ.

ಒಂದೇ ಬೆಳಗ್ಗೆ ನಿಮ್ಮ ಓಟವೂ ಆಗಲೇಬೇಕು ಅಂದರೆ ಜೊತೆಗೆ ಇನ್ನೊಬ್ಬರು ದೊಡ್ಡವರು ಬೇಕು. ಒಬ್ಬರು ಮಗುವಿನ ಜೊತೆ ಆಡಲಿ, ಇನ್ನೊಬ್ಬರು ಕೆರೆ ಒಂದು ಸುತ್ತು ಹಾಕಿ ಬರಲಿ. ಆಮೇಲೆ ಅದಲು ಬದಲು. ನೀವು, ಮಗು ಇಬ್ಬರೇ ಹೋದ ದಿನ "ಇಲ್ಲೇ ಬೆಂಚಲ್ಲಿ ಕೂತಿರು, ಒಂದ್ ರೌಂಡ್ ಓಡಿ ಬರ್ತೀನಿ" ಅನ್ನುವುದು ಯಾವ ವಯಸ್ಸಿನ ಚಿಕ್ಕ ಮಗುವಿಗೂ ಬೇಡ.

## ಮೂರು ವರ್ಷದೊಳಗಿನವರು

ಮನೆಯಲ್ಲಿರುವ ನಾಲ್ಕು ಚಿಕ್ಕ ಚಕ್ರದ ಸ್ಟ್ರಾಲರ್ ತಳ್ಳಿಕೊಂಡು ಓಡಬೇಡಿ. ಮುಂದಿನ ಚಕ್ರ ಒಂದು ಕಲ್ಲಿಗೆ ತಗುಲಿದರೆ ಪಲ್ಟಿ. ಓಟಕ್ಕೆಂದೇ ಬರುವ ಸ್ಟ್ರಾಲರ್ ಬೇರೆ: ದೊಡ್ಡ ಗಾಳಿ ಚಕ್ರ ಮೂರು, ಮುಂದಿನ ಚಕ್ರ ಅಲುಗಾಡದಂತೆ ಬೀಗ, ಕೈ ಬ್ರೇಕು, ಐದು ಕಡೆ ಕಟ್ಟುವ ಬೆಲ್ಟ್, ನಿಮ್ಮ ಮಣಿಕಟ್ಟಿಗೆ ಒಂದು ಪಟ್ಟಿ. ಅದರಲ್ಲೂ ಮಗುವಿನ ಕತ್ತು ಗಟ್ಟಿಯಾಗಿ, 6ರಿಂದ 8 ತಿಂಗಳಾದರೂ ದಾಟಿರಬೇಕು, ಮಕ್ಕಳ ಡಾಕ್ಟರ್ ಹೂಂ ಅಂದಿರಬೇಕು. ನಿಜ ಹೇಳಬೇಕೆಂದರೆ ನಮ್ಮ ಫುಟ್‌ಪಾತ್‌ಗಳ ಮೇಲೆ ಇದರ ದುಡ್ಡು ಹುಟ್ಟುವುದಿಲ್ಲ. ಮಗುವನ್ನು ಎದೆಗೋ ಬೆನ್ನಿಗೋ ಕಟ್ಟಿಕೊಂಡು ಓಡುವುದಂತೂ ಬೇಡ. ನಡೆಯಿರಿ.

## ಎಚ್ಚರಿಕೆಯ ಲಕ್ಷಣಗಳು

ಬಿಸಿಲು ಹೊಡೆತ. ಮುಖ ಕೆಂಪಾಗಿ ಮಂಕಾಗುವುದು, ತಲೆನೋವು, ವಾಂತಿ. ಕೂಡಲೇ ನೆರಳಿಗೆ ಕರೆತನ್ನಿ, ಒದ್ದೆ ಟವೆಲಿನಿಂದ ಕತ್ತು, ಕಂಕುಳು ಒರೆಸಿ, ಗುಟುಕು ಗುಟುಕಾಗಿ ನೀರು ಕೊಡಿ. ಮಗು ತೊದಲಿದರೆ, ಕರೆದರೆ ಸರಿಯಾಗಿ ಓಗೊಡದಿದ್ದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ.

ಉಸಿರು. ಓಡಿ ನಿಂತ ಮೇಲೂ ಸುಯ್ ಸುಯ್ ಶಬ್ದ, ಪ್ರತಿ ಸಲ ಓಡಿದಾಗ ಕೆಮ್ಮು ಬಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಓಡಿಸಿದರೆ ಹೋಗುತ್ತೆ ಅಂತ ಬಿಡಬೇಡಿ.

ಕಾಲುನೋವು. ರಾತ್ರಿ ಎರಡೂ ಕಾಲು ನೋವು ಅಂದು, ಅಜ್ಜಿ ಒತ್ತಿದ ಮೇಲೆ ನಿದ್ದೆ ಮಾಡಿ, ಬೆಳಗ್ಗೆ ಎದ್ದು ಕುಣಿದಾಡುತ್ತಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಯಾವಾಗಲೂ ಒಂದೇ ಕಾಲು, ಕುಂಟುವುದು, ಕೀಲು ಊದುವುದು, ಜ್ವರ ಇದ್ದರೆ ತಡ ಮಾಡಬೇಡಿ. ಎಂಟು ವರ್ಷ ದಾಟಿದ ಮಕ್ಕಳಿಗೆ ಹಿಮ್ಮಡಿ ಹಿಂಭಾಗ ನೋಯುವುದುಂಟು. ಬೆಳೆಯುತ್ತಿರುವ ಎಲುಬಿನ ಮೇಲೆ ಎಳೆತ ಜಾಸ್ತಿಯಾಗಿದೆ ಅಂತ ಅರ್ಥ, ಓಟ ಕಡಿಮೆ ಮಾಡಿ.

ನಾಯಿ. ಬೊಗಳುತ್ತಾ ಬಂದರೆ ಓಡಬೇಡಿ. ನಿಂತುಬಿಡಿ, ಮಗುವನ್ನು ನಿಮ್ಮ ಹಿಂದಕ್ಕೆ ಅಥವಾ ತೋಳಿಗೆ ತೆಗೆದುಕೊಳ್ಳಿ, ನಾಯಿಯ ಕಣ್ಣು ದಿಟ್ಟಿಸದೆ ಮೆಲ್ಲಗೆ ಪಕ್ಕಕ್ಕೆ ಸರಿಯಿರಿ. ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಹಚ್ಚಬೇಡಿ. ಅದೇ ದಿನ ಲಸಿಕೆ ಶುರುವಾಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ.

## ಓಟದ ಸ್ಪರ್ಧೆಗೆ ಸೇರಿಸುವ ಮುಂಚೆ

ಬಡಾವಣೆಯ ಓಟ, ಊರಿನ ಮ್ಯಾರಥಾನಿನ ಜೊತೆ ಇಡುವ ಮಕ್ಕಳ ಓಟ ಒಂದಲ್ಲ ಒಂದು ದಿನ ಎದುರಾಗುತ್ತವೆ. ಮಗು ಕೇಳಿದರೆ ಮಾತ್ರ ಹೆಸರು ಕೊಡಿ. ಚಿಕ್ಕ ದೂರದ್ದು, ಅಪ್ಪನೋ ಅಮ್ಮನೋ ಜೊತೆಗೆ ಓಡಬಹುದಾದದ್ದು ಆರಿಸಿ. ಶುರುವಿನ ಗೆರೆಯ ಹತ್ತಿರ ನೂಕುನುಗ್ಗಲು, ಮೈಕಿನ ಗದ್ದಲ. ಎಲ್ಲರೂ ಹೊರಟ ಮೇಲೆ ಹಿಂದಿನಿಂದ ಹೊರಡಿ. ಆ ದಿನ ಹೊಸ ಶೂ ಹಾಕಬೇಡಿ, ಹಳೆಯದೇ ಇರಲಿ. ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕು ಅಂತ ಒಂದು ಜಾಗ ಮೊದಲೇ ತೋರಿಸಿ. ಎದೆಗೆ ಚುಚ್ಚುವ ನಂಬರ್ ಚೀಟಿಯ ಹಿಂಬದಿ ನಿಮ್ಮ ಫೋನ್ ನಂಬರ್ ಬಾಲ್‌ಪೆನ್ನಿನಲ್ಲಿ ಬರೆಯಿರಿ. ಸ್ಕೆಚ್ ಪೆನ್ನಾದರೆ ಬೆವರಿಗೆ ಅಳಿಸಿಹೋಗುತ್ತದೆ.